ಅಮೀರ್‌ಬಾಯಿಯ ಹಾಡಿನ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಗಾಯಕಿ, ನಟಿ ಅಮೀರ್‌ಬಾಯಿ ಕರ್ನಾಟಕಿ ಬಗ್ಗೆ ಏನೇ ಓದಲು ಕೂತರೂ ಅರ್ಧ ಭಾಗ ಗಂಡ ಕೊಟ್ಟ ಕಾಟದ ಕಥೆಯೇ ಇರುತ್ತದೆ. ಆ ಕಷ್ಟ ಸುಳ್ಳಲ್ಲ. ಬರೆಯಬೇಡಿ ಅಂತಲೂ ನಾನು ಹೇಳುವುದಿಲ್ಲ. ಆದರೆ ಹಾಡಿನ ಬಗ್ಗೆ ಎರಡೇ ಸಾಲು ಗೀಚಿ ಮುಗಿಸಿದರೆ ಹೇಗೆ?

1943ರ ‘ಕಿಸ್ಮತ್’ ಸಿನಿಮಾವನ್ನೇ ತಗೊಳ್ಳಿ. ಅದರಲ್ಲೊಂದು ಹಾಡಿದೆ, ಮಲಗಿದವರಿಗೆ ಎಚ್ಚರ ಆದೀತು, ಮೆಲ್ಲಗೆ ಬಾ ಅಂತ ಮೋಡಕ್ಕೆ ಹೇಳುವ ‘ಧೀರೆ ಧೀರೆ ಆ ರೇ ಬಾದಲ್’. ಮಗುವಿನ ಪಕ್ಕ ಕೂತು ಹಾಡುವಷ್ಟೇ ದನಿ, ಒಂದಿಷ್ಟೂ ಜಾಸ್ತಿ ಇಲ್ಲ. ಅದೇ ಸಿನಿಮಾದಲ್ಲಿ ಖಾನ್ ಮಸ್ತಾನಾ ಜೊತೆ ‘ದೂರ್ ಹಟೋ’ ಅಂತ ಹಾಡುವಾಗ ಅದೇ ಗಂಟಲಾ ಇದು ಅನ್ನಿಸುತ್ತದೆ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಸೆನ್ಸಾರ್ ಕಣ್ಣು ತಪ್ಪಿಸೋಕೆ ಹಾಡಿನಲ್ಲಿ ಜರ್ಮನಿ, ಜಪಾನಿನವರ ಹೆಸರು ಸೇರಿಸಿದ್ದರು, ಆದರೆ ತೊಲಗಿ ಅಂದದ್ದು ಯಾರಿಗೆ ಅಂತ ಜನಕ್ಕೆ ಗೊತ್ತಾಗದೇ ಇರುತ್ತಾ? ಕಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಆ ಸಿನಿಮಾ ಮೂರು ವರ್ಷ ದಾಟಿ ಓಡಿತು.

ಅದಕ್ಕೂ ಮೊದಲು, 1940ರಲ್ಲಿ, ‘ನರಸಿ ಭಗತ್’ ಸಿನಿಮಾಕ್ಕೆ ‘ವೈಷ್ಣವ ಜನ ತೋ’ ಹಾಡಿದವರೂ ಬೀಳಗಿಯ ಈ ಮುಸ್ಲಿಂ ಹೆಣ್ಣುಮಗಳೇ. ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿದ್ದರು. ಇಬ್ಬರೂ ಮುಂಬೈ ಸೇರಿದರೂ ಕರ್ನಾಟಕಿ ಅನ್ನುವ ಹೆಸರು ಬಿಡಲಿಲ್ಲ. ಆಗ ಬೀಳಗಿ ಇದ್ದ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಕರ್ನಾಟಕ ಅಂತ ರಾಜ್ಯವೇ ಇರಲಿಲ್ಲ. ರಾಜ್ಯಕ್ಕೆ ಆ ಹೆಸರು ಇಟ್ಟದ್ದು 1973ರಲ್ಲಿ, ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷ ಆದ ಮೇಲೆ!

ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಉಮದಿ, ಸಂಖ ಕಡೆಯ ಮಕ್ಕಳೂ ಹೀಗೇ ಅಲ್ವಾ? ಮನೆಯಲ್ಲಿ ಕನ್ನಡ, ಕಚೇರಿಗೆ ಹೋದರೆ ಮರಾಠಿ, ಸಿನಿಮಾ ನೋಡಿದರೆ ಹಿಂದಿ. ಗಡಿಯಾಚೆ ಕನ್ನಡ ಕಲಿತು ಏನು ಸಾಧಿಸ್ತೀಯಾ ಅಂತ ಕೇಳುವವರು ಇಲ್ಲಿ ಸಾಕಷ್ಟು ಜನ ಇದ್ದಾರೆ. ಆ ಮಕ್ಕಳಿಗೆ ಅಮೀರ್‌ಬಾಯಿ ಹೆಸರೇ ಗೊತ್ತಿಲ್ಲ ಅನ್ನೋದು ನನಗೆ ತುಂಬಾ ಬೇಸರದ ವಿಷಯ. ವಿಜಯಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸಿನ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ.

ಇಲ್ಲಿನ ಕನ್ನಡ ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಇವರ ಒಂದೆರಡು ಹಾಡನ್ನು ಮೊಬೈಲಿನಲ್ಲಾದರೂ ಮಕ್ಕಳಿಗೆ ಕೇಳಿಸಿ. ರಹಮತ್ ತರೀಕೆರೆಯವರು ಬರೆದ ಅಮೀರ್‌ಬಾಯಿ ಜೀವನಚರಿತ್ರೆ ಇದೆ, ಶಾಲೆಗೆ ಒಂದು ಪ್ರತಿ ತರಿಸಿ. ತಮ್ಮ ಪತ್ರಿಕೆಯೂ ಬರುವ ಮಾರ್ಚ್ 3ಕ್ಕೆ, ಅವರು ತೀರಿಕೊಂಡ ದಿನ, ಒಂದು ಪುಟವನ್ನು ಅವರ ಹಾಡುಗಳಿಗೇ ಮೀಸಲಿಡಲಿ.

– ಒಬ್ಬ ಓದುಗ, ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ