ಓದಿಗೆ ಹೆಗಲು ಕೊಟ್ಟವರಿಗೆ ವಂದನೆ

ಬೆಂಗಳೂರಿನ ನಮ್ಮ ಸರ್ಕಾರಿ ಪ್ರೌಢಶಾಲೆಯೂ ನಗರದ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗವೂ ಒಟ್ಟಾಗಿ ಕೈಗೊಂಡ ಓದಿನ ಕಾರ್ಯಕ್ರಮಕ್ಕೆ ಈ ಏಪ್ರಿಲ್‌ಗೆ ಎರಡು ವರ್ಷ ತುಂಬಿತು. ಇದಕ್ಕಾಗಿ ದುಡಿದವರಿಗೆ ಮುಖ್ಯಶಿಕ್ಷಕಿಯಾಗಿ ನಾನು ಬಹಿರಂಗವಾಗಿ ಕೃತಜ್ಞತೆ ಸಲ್ಲಿಸಬೇಕಿದೆ.

ಪುಟ್ಟ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ರಾಜ್ಯದ ನಲಿ-ಕಲಿ ಪದ್ಧತಿ ಮೂರನೆಯ ತರಗತಿಗೆ ಮುಗಿಯುತ್ತದೆ. ಬುನಾದಿ ಓದು, ಲೆಕ್ಕ ಕಲಿಸಲೆಂದು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿಯೂ ಮೂರನೆಯ ತರಗತಿಯವರೆಗಿನ ಮಕ್ಕಳೇ. ಎಂಟು, ಒಂಬತ್ತನೆಯ ತರಗತಿಗೆ ಬಂದ ಮೇಲೂ ತಡವರಿಸುತ್ತ ಓದುವವರ ಕಡೆಗೆ ಯಾರ ಗಮನವೂ ಅಷ್ಟಾಗಿ ಹರಿಯುವುದಿಲ್ಲ. ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಕುರಿತ 2023ರ ಅಸರ್ ವರದಿ (ಪ್ರಥಮ್ ಸಂಸ್ಥೆಯ ಶೈಕ್ಷಣಿಕ ಸಮೀಕ್ಷೆ), ಅವರಲ್ಲಿ ಸುಮಾರು ಶೇ. 25ರಷ್ಟು ಮಂದಿಗೆ ಎರಡನೆಯ ತರಗತಿಯ ಮಟ್ಟದ ಪಠ್ಯವನ್ನು ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಸರಾಗವಾಗಿ ಓದಲು ಬರುವುದಿಲ್ಲ ಎಂದು ಹೇಳಿತ್ತು. ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿಯಿಂದ ಬಂದವರ ಮಕ್ಕಳೂ ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ನಮ್ಮಂಥ ಶಾಲೆಗಳಲ್ಲಿ ತೊಡಕುಗಳು ಬೇರೆಯೇ ಇವೆ. ಆ ವಯಸ್ಸಿನಲ್ಲಿ ಗೆಳೆಯರೆದುರು ಒತ್ತಕ್ಷರಕ್ಕೆ ಎಡವುವುದಕ್ಕಿಂತ ಬಾಯಿ ಮುಚ್ಚಿ ಕೂರುವುದೇ ಮೇಲು ಎಂದು ಮಕ್ಕಳಿಗೆ ಅನಿಸುವುದು ಸಹಜ.

ವಿಭಾಗದ ಪ್ರಾಧ್ಯಾಪಕರು ಸಿದ್ಧ ಕಾರ್ಯಕ್ರಮವನ್ನು ಹೊತ್ತು ಬರಲಿಲ್ಲ. ಮೊದಲು ನಮ್ಮ ಶಿಕ್ಷಕರ ಜೊತೆ ಕುಳಿತು ವಿಜ್ಞಾನ, ಸಮಾಜ ವಿಜ್ಞಾನ, ಗಣಿತದ ಪಠ್ಯಪುಸ್ತಕಗಳನ್ನು ಓದಿ, ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗುರುತಿಸಿದರು. ಅಮೆರಿಕದ ಶಿಕ್ಷಣ ಸಂಶೋಧಕರಾದ ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ವಿಧಾನವನ್ನು, ಅಂದರೆ ಮುಂದೇನು ಬರಬಹುದೆಂದು ಊಹಿಸುವುದು, ಪ್ರಶ್ನೆ ಕೇಳುವುದು, ಅರ್ಥವಾಗದ್ದನ್ನು ಬಿಡಿಸಿಕೊಳ್ಳುವುದು, ಓದಿದ್ದನ್ನು ಸಂಗ್ರಹಿಸಿ ಹೇಳುವುದು ಎಂಬ ನಾಲ್ಕನ್ನು ಮಕ್ಕಳೇ ಸರದಿಯಂತೆ ಮುನ್ನಡೆಸುವ ಕ್ರಮವನ್ನು, ನಮ್ಮ ಪಾಠಗಳಿಗೆ ಹೊಂದಿಸಿದರು. ಈಗ ನಮ್ಮ ಗಣಿತ ಶಿಕ್ಷಕರು ಶಂಕುವಿನ ಘನಫಲದ ಲೆಕ್ಕ ಕೊಟ್ಟರೆ ಯಾರೂ ತಕ್ಷಣ ಸೂತ್ರ ಬರೆಯುವುದಿಲ್ಲ. ಕೊಟ್ಟಿರುವುದಕ್ಕೆ ಒಂದು ಗೆರೆ, ಕೇಳಿರುವುದಕ್ಕೆ ಎರಡು ಗೆರೆ ಎಳೆದು, ಲೆಕ್ಕವನ್ನು ಪಕ್ಕದವರಿಗೆ ತಮ್ಮ ಮಾತಿನಲ್ಲಿ ಹೇಳಿದ ನಂತರವೇ ಪೆನ್ನು ಮುಂದೆ ಸಾಗುತ್ತದೆ. ಓದಿಸುವುದು ಕನ್ನಡ ಶಿಕ್ಷಕರೊಬ್ಬರ ಹೊಣೆಯಲ್ಲ ಎಂಬುದನ್ನು ಎಲ್ಲ ವಿಷಯ ಶಿಕ್ಷಕರೂ ಒಪ್ಪಿ ನಡೆದದ್ದು, ನನ್ನ ದೃಷ್ಟಿಯಲ್ಲಿ, ಈ ಸಹಯೋಗದ ಬಹುದೊಡ್ಡ ಫಲ.

ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ವಿಶೇಷ ವಂದನೆ. ಪಾಠ ಟಿಪ್ಪಣಿಗೆ ಸಹಿ ಹಾಕಿಸಿಕೊಂಡು ಹೊರಟುಬಿಡಬಹುದಿತ್ತು. ಅವರು ಇಂಟರ್ನ್‌ಶಿಪ್ ಮುಗಿದ ಮೇಲೂ ಶನಿವಾರಗಳಂದು ಬಂದು, ತೀರಾ ಹಿಂದುಳಿದ ಮಕ್ಕಳ ಪಕ್ಕದಲ್ಲಿ ಕುಳಿತು, ಅವಸರಪಡಿಸದೆ ಓದಿಸಿದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ವರ್ಷವಿಡೀ ದನಿ ಎತ್ತದವಳು, ಫೆಬ್ರುವರಿಯಲ್ಲಿ ಗುಂಪಿನ ಮುಂದಾಳಾಗಿ ‘ಈ ಸಾಲು ನನಗೆ ಅರ್ಥವಾಗಲಿಲ್ಲ, ಯಾರಿಗೆ ಆಯಿತು?’ ಎಂದು ಕೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ವೇಳಾಪಟ್ಟಿಯಲ್ಲಿ ಓದಿಗೆ ಪ್ರತ್ಯೇಕ ಅವಧಿ ಇಡಲು ಅನುಮತಿ ನೀಡಿದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕೊಠಡಿಗೆ ಕಪಾಟು ಮಾಡಿಸಿಕೊಟ್ಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೂ ನಾವು ಋಣಿಗಳು. ಜೂನ್‌ನಲ್ಲಿ ಹೊಸ ತಂಡದ ಪ್ರಶಿಕ್ಷಣಾರ್ಥಿಗಳು ಬರುವ ವೇಳೆಗೆ ಆ ಅವಧಿ ವೇಳಾಪಟ್ಟಿಯಲ್ಲಿ ಹಾಗೆಯೇ ಇರುತ್ತದೆ. ಈ ಬಾರಿ ಅದನ್ನು ಎಂಟನೆಯ ತರಗತಿಯ ಮೊದಲ ವಾರದಿಂದಲೇ ಆರಂಭಿಸುತ್ತಿದ್ದೇವೆ.