ಬಂದೂಕು ಹಿಡಿಯದವರಿಗೆ ಎರಡು ಪಟ್ಟು ಸೇವೆ ಯಾಕೆ?

ಸಂಪಾದಕರೇ,

ದಕ್ಷಿಣ ಕೊರಿಯಾದಲ್ಲಿ ಗಟ್ಟಿಮುಟ್ಟಾದ ಗಂಡುಮಕ್ಕಳೆಲ್ಲ ಸೇನೆಗೆ ಹೋಗಲೇಬೇಕು. ಬಂದೂಕು ಹಿಡಿಯುವುದು ನಮ್ಮ ನಂಬಿಕೆಗೆ ಒಗ್ಗಲ್ಲ ಎಂದ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಹುಡುಗರು ದಶಕಗಟ್ಟಲೆ ಜೈಲಿಗೆ ಹೋದರು. ಹೆಚ್ಚಿನವರಿಗೆ ಒಂದೂವರೆ ವರ್ಷ ಶಿಕ್ಷೆ. ಕದ್ದವರಲ್ಲ, ಯಾರಿಗೂ ಹೊಡೆದವರಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರು ಜೈಲು ಕಂಡದ್ದೂ ಇದೆ.

2018ರ ಜೂನ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಇಂಥವರಿಗೆ ಬೇರೆ ಸೇವೆಯ ದಾರಿ ಇರಬೇಕು ಎಂದಿತು. 2020ರಲ್ಲಿ ಅದು ಶುರುವೂ ಆಯಿತು. ಸುದ್ದಿ ಓದಿ ನನಗೆ ನಿಜವಾಗಲೂ ಖುಷಿಯಾಗಿತ್ತು. ಆದರೆ ಷರತ್ತು ನೋಡಿ. ಭೂಸೇನೆಗೆ ಸೇರಿದವರಿಗೆ 18 ತಿಂಗಳು, ಇವರಿಗೆ 36. ಅದೂ ಜೈಲಿನಲ್ಲೇ ಉಳಿದುಕೊಂಡು! ಕೈದಿಗಳಿಗೆ ಅನ್ನ ಬೇಯಿಸುತ್ತಾ, ಸಾಮಾನು ಹೊರುತ್ತಾ, ನೆಲ ಒರೆಸುತ್ತಾ ಮೂರು ವರ್ಷ ಕಳೆಯಬೇಕು. ಇದನ್ನು ಸೇವೆ ಅನ್ನೋಣವೋ, ಶಿಕ್ಷೆ ಅನ್ನೋಣವೋ?

ಉತ್ತರ ಕೊರಿಯಾದ ಭಯ ಆ ದೇಶಕ್ಕೆ ಇದ್ದೇ ಇದೆ, ಒಪ್ಪುತ್ತೇನೆ. ಆದರೆ ಈ ಹುಡುಗರು ದುಡಿಯಲ್ಲ ಅಂತ ಹೇಳಿಲ್ಲ, ಕೊಲ್ಲುವುದನ್ನು ಕಲಿಯಲ್ಲ ಅಂದಿದ್ದಾರೆ ಅಷ್ಟೇ. ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಅವರಿಗೆ ಕೆಲಸ ಕೊಡಬಹುದಲ್ವಾ? ಅವಧಿಯನ್ನೂ ಇಳಿಸಬೇಕು.

— ಒಬ್ಬ ಓದುಗ, ಮೈಸೂರು