ಬೆವರುವ ಮಗಳಿಗೊಂದು ಪತ್ರ

ಪ್ರೀತಿಯ ಅವ್ವಿ,

ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ನನಗೇ ಜಾಸ್ತಿ ಬೆವರು ಬರುತ್ತದೆ, ಹುಡುಗಿಯರು ನಗುತ್ತಾರೆ ಅಂತ ಫೋನಿನಲ್ಲಿ ದನಿ ಸಣ್ಣ ಮಾಡಿ ಹೇಳಿದೆಯಲ್ಲ. ವಿಜಾಪುರದ ಬೇಸಿಗೆಯಲ್ಲಿ ಬೆವರದೆ ಇನ್ನೇನು ಮಾಡಬೇಕು? ಇಲ್ಲಿ ಮುಧೋಳದಲ್ಲಿ ದಿನಾ ಎಮ್ಮೆ, ಆಡು, ನಾಯಿಗಳ ಜ್ವರ ನೋಡುವವನು ನಾನು. ಬೆವರುವ ಪ್ರಾಣಿ ಎಷ್ಟು ಪುಣ್ಯ ಮಾಡಿರುತ್ತದೆ ಅಂತ ನನ್ನನ್ನು ಕೇಳು.

ನಮ್ಮೂರ ನಾಯಿಯನ್ನೇ ತಗೋ. ಮುಧೋಳ ನಾಯಿ ಓಟಕ್ಕೆ ಹೆಸರಾದದ್ದು, ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಆದರೆ ನಾಯಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಆ ಗ್ರಂಥಿಗಳು ಇರುವುದು ಹೆಚ್ಚಾಗಿ ಅಂಗಾಲಿನಲ್ಲಿ. ಅದಕ್ಕೇ ನಾಲಗೆ ಹೊರಗೆ ಹಾಕಿ ನಿಮಿಷಕ್ಕೆ ಮುನ್ನೂರು ಸಲದವರೆಗೂ ಏದುಸಿರು ಬಿಡುತ್ತದೆ. ಎಮ್ಮೆಯದು ಇನ್ನೂ ಕಷ್ಟ. ಕಪ್ಪು ಚರ್ಮ ಬಿಸಿಲನ್ನೆಲ್ಲ ಎಳೆದುಕೊಳ್ಳುತ್ತದೆ, ಬೆವರಿನ ಗ್ರಂಥಿ ಆಕಳಿಗಿಂತ ಬಹಳ ಕಡಿಮೆ. ಕೆಸರಿನಲ್ಲಿ ಬಿದ್ದುಕೊಳ್ಳುವುದು ಸೋಮಾರಿತನಕ್ಕಲ್ಲ. ಮೈಗೆ ಹತ್ತಿದ ಕೆಸರು ನಿಧಾನವಾಗಿ ಆರುತ್ತದೆ, ಅಷ್ಟು ಹೊತ್ತು ತಂಪು. ನೊಣದ ಕಾಟವೂ ಇಲ್ಲ.

ಕೋಳಿಗಂತೂ ಬೆವರಿನ ಗ್ರಂಥಿಯೇ ಇಲ್ಲ, ಯಾವ ಹಕ್ಕಿಗೂ ಇಲ್ಲ. ಬಾಯಿ ತೆರೆದು ಗಂಟಲು ಪಟಪಟ ಅಲುಗಿಸುತ್ತಾ ಕೂರುತ್ತವೆ. ಇನ್ನೊಂದು ಕೇಳು, ಆರೋಗ್ಯವಾಗಿರುವ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಿನಗೆ ಅಷ್ಟು ಬಂದರೆ ನಿಮ್ಮವ್ವ ಅಂಬುಲೆನ್ಸ್ ಕರೆಸುತ್ತಾಳೆ. ಒಂಟೆಯ ಲೆಕ್ಕವೇ ಬೇರೆ. ನೀರು ಸಿಗದ ದಿನಗಳಲ್ಲಿ ಬೆಳಗಿನ ಜಾವ 34 ಇದ್ದ ಮೈಬಿಸಿಯನ್ನು ಮಧ್ಯಾಹ್ನ 40 ದಾಟುವವರೆಗೂ ಏರಲು ಬಿಟ್ಟುಬಿಡುತ್ತದೆ, ಬೆವರಿ ನೀರು ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ ಅಂತ.

ಈಗ ನಿನ್ನ ಮೈಗೆ ಬರೋಣ. ಅದರ ತುಂಬ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಹರವಿಯಲ್ಲಿ ನೀರು ತಂಪಾಗುತ್ತದಲ್ಲ, ಹೊರಮೈಗೆ ಒಸರಿದ ನೀರು ಆರುತ್ತಾ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದಲ್ಲ, ಅದೇ ಕೆಲಸ ಇಲ್ಲಿಯೂ. ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಅದು ಹೊತ್ತೊಯ್ಯುವ ಶಾಖದಲ್ಲಿ ಆರೇಳು ಲೀಟರ್ ತಣ್ಣೀರು ಕುದಿಸಬಹುದು! ಆದರೆ ಆರಬೇಕು, ತೊಟ್ಟಿಕ್ಕಿ ಕೆಳಗೆ ಬಿದ್ದರೆ ಏನೂ ಉಪಯೋಗವಿಲ್ಲ. ಮಂಗಳೂರಿನಲ್ಲಿ 34 ಡಿಗ್ರಿಗೇ ಜೀವ ಬೇಡ ಅನಿಸುವುದು, ನಮ್ಮ ಕಡೆ 40 ಆದರೂ ಗಿಡದ ನೆರಳಿನಲ್ಲಿ ಹೇಗೋ ತಡೆದುಕೊಳ್ಳುವುದು ಇದಕ್ಕೇ. ನಮ್ಮ ಗಾಳಿ ಒಣ. ಎಷ್ಟು ಬೆವರಿದೆವು ಅನ್ನುವುದೇ ತಿಳಿಯದಷ್ಟು ಬೇಗ ಆರಿಬಿಡುತ್ತದೆ, ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಬಿದ್ದಾಗಲೇ ಗೊತ್ತಾಗುವುದು.

ನಮ್ಮ ಮೈಮೇಲೆ ಕೂದಲು ಉದುರಿ ಹೋಗಿದೆ ಅಂದುಕೊಂಡಿದ್ದೀಯಾ? ಕೂದಲಿನ ಬೇರು ಚಿಂಪಾಂಜಿಗೆ ಇರುವಷ್ಟೇ ಹೆಚ್ಚುಕಡಿಮೆ ನಮಗೂ ಇವೆ, ಎಳೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣಗಾಗಿದೆ. ಹಾಗಾಗಿ ಚರ್ಮಕ್ಕೆ ಗಾಳಿ ಆಡುತ್ತದೆ. ಇದರಿಂದ ಏನು ಸಾಧ್ಯವಾಯಿತು ನೋಡು. ಆಫ್ರಿಕಾದ ಕಲಹರಿಯಲ್ಲಿ ಸಾನ್ ಜನ ಸುಡು ಮಧ್ಯಾಹ್ನದಲ್ಲಿ ಕುಡು ಅನ್ನುವ ದೊಡ್ಡ ಕೊಂಬಿನ ಪ್ರಾಣಿಯನ್ನು ಗಂಟೆಗಟ್ಟಲೆ ಬೆನ್ನಟ್ಟುತ್ತಿದ್ದರು. ವೇಗದಲ್ಲಿ ಕುಡುವಿನ ಮುಂದೆ ಮನುಷ್ಯ ಏನೇನೂ ಅಲ್ಲ. ಆದರೆ ಅದು ಓಡುತ್ತಾ ಓಡುತ್ತಾ ಮೈ ಕಾದು, ಕೊನೆಗೆ ಹೆಜ್ಜೆ ಎತ್ತಲಾಗದೆ ನಿಂತುಬಿಡುತ್ತದೆ. ಹಿಂದೆ ಬರುವವನು ಬೆವರುತ್ತಾ ಬರುತ್ತಲೇ ಇರುತ್ತಾನೆ. ನನಗಂತೂ ನಮ್ಮ ಮಿದುಳಿಗಿಂತ ಇದೇ ದೊಡ್ಡ ವಿಷಯ ಅನಿಸುತ್ತದೆ, ನೀನು ಒಪ್ಪದಿದ್ದರೆ ಬಿಡು.

ಹೀಗೆ ಬೆವರುವವರಲ್ಲಿ ನಮಗೆ ಜೊತೆ ಕುದುರೆ. ಗೋಳಗುಮ್ಮಟದ ಕಡೆ ಟಾಂಗಾ ಸಿಕ್ಕರೆ ಕುದುರೆಯ ಪಟ್ಟಿ ಉಜ್ಜುವ ಜಾಗ ನೋಡು, ಬಿಳಿ ನೊರೆ ಇರುತ್ತದೆ. ಅದರ ಬೆವರಿನಲ್ಲಿ ಲ್ಯಾಥರಿನ್ ಅನ್ನುವ ಪ್ರೋಟೀನ್ ಇದೆ. ದಪ್ಪ ಕೂದಲಿನ ಮೇಲೂ ಬೆವರು ಹರಡಿ ಆರಲಿ ಅಂತ ಸೋಪಿನ ಕೆಲಸ ಮಾಡುತ್ತದೆ.

ಪರೀಕ್ಷೆಯಲ್ಲಿ ಅಂಗೈ ಒದ್ದೆಯಾಗಿ ಪೆನ್ನು ಜಾರುತ್ತದೆ ಅಂದಿದ್ದೆಯಲ್ಲ, ಅದು ಸೆಕೆಗಲ್ಲ. ಅಂಗೈ, ಅಂಗಾಲಿನ ಬೆವರು ಬಿಸಿಲಿಗಿಂತ ಜಾಸ್ತಿ ಹೆದರಿಕೆಗೆ ಬರುತ್ತದೆ. ಒಂದು ಕರ್ಚೀಫ್ ಇಟ್ಟುಕೋ, ಸಾಕು.

ವಾಸನೆಯ ಬಗ್ಗೆ ಅಪ್ಪ ಬರೆದರೆ ನಾಚಿಕೊಳ್ಳಬೇಡ. ಬೆವರಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಂಕುಳಲ್ಲಿ ಬೇರೆ ಜಾತಿಯ ಗ್ರಂಥಿಗಳಿವೆ, ಹುಟ್ಟಿದಾಗಿನಿಂದಲೇ ಇದ್ದರೂ ಕೆಲಸ ಶುರು ಮಾಡುವುದು ವಯಸ್ಸಿಗೆ ಬಂದ ಮೇಲೆ. ಅಲ್ಲಿ ಬರುವುದನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ತಿಂದು ವಾಸನೆ ಮಾಡುತ್ತವೆ. ಸಣ್ಣ ಮಕ್ಕಳು ದಿನವಿಡೀ ಆಡಿ ಬಂದರೂ ಆ ವಾಸನೆ ಇರುವುದಿಲ್ಲ, ಅಲ್ವಾ? ಸೋಪು ಹಚ್ಚಿ ಸ್ನಾನ ಮಾಡು. ಪಾಲಿಯೆಸ್ಟರ್ ಬಿಡು, ಅದು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಡಿಯೋಡರೆಂಟ್ ವಾಸನೆ ತಡೆಯುತ್ತದೆ ಅಷ್ಟೇ, ಬೆವರು ತಡೆಯುವುದು ಆಂಟಿಪರ್ಸ್ಪಿರೆಂಟ್, ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಸುಮ್ನೆ ದುಡ್ಡು ಹಾಳು ಮಾಡುವ ಮೊದಲು ಡಬ್ಬಿ ಓದು.

ಬೆವರಿದರೆ ಹೆದರುವ ಮಾತಿಲ್ಲ. ಬಿಸಿಲಿನಲ್ಲಿ ಯಾರದಾದರೂ ಮೈ ಕೆಂಡದಂತೆ ಸುಡುತ್ತಾ, ಮಾತು ತಡಬಡಿಸುತ್ತಿದ್ದರೆ ಮಾತ್ರ ಹೆದರಬೇಕು. ಬೆವರು ನಿಂತಿದ್ದರಂತೂ ಇನ್ನೂ. ಕೂಡಲೇ ನೆರಳಿಗೆ ತಂದು, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ನಗುವ ಆ ಹುಡುಗಿಯರಿಗೂ ಹೇಳು.

ಮಜ್ಜಿಗೆಗೆ ಚೂರು ಉಪ್ಪು ಹಾಕಿ ಕುಡಿಯುತ್ತಾ ಇರು. ರವಿವಾರ ನಿಮ್ಮವ್ವ ಬರುತ್ತಾಳೆ, ಎರಡು ಹತ್ತಿ ಚೂಡಿದಾರ ಹೊಲಿಸಿಟ್ಟಿದ್ದಾಳೆ. ಶೇಂಗಾ ಹೋಳಿಗೆಯೂ ಇದೆ, ರೂಮಿನವರಿಗೆಲ್ಲ ಆಗುವಷ್ಟು.

ನಿನ್ನ ಅಪ್ಪ